ಕಾರ್ನೆಗಿ ಹಾಲ್‌ನಲ್ಲಿ ಜೇನ್ ಆಡಮ್ಸ್ ಹೇಳಿದ ರಮ್ಮಿನ ಮಾತು

ಯುದ್ಧ ನಡೆಯುವಾಗ ‘ಶಾಂತಿ ಬೇಕು’ ಅಂದರೆ ಯಾರೂ ಬೈಯುವುದಿಲ್ಲ. ಪ್ರಧಾನಿಗಳೂ ಅದನ್ನೇ ಹೇಳುತ್ತಾರೆ, ಸೇನಾಪತಿಗಳೂ ಅದನ್ನೇ ಹೇಳುತ್ತಾರೆ, ಬಾಂಬ್ ಹಾಕಿ ಬಂದವರೂ ಶಾಂತಿಗಾಗಿಯೇ ಹಾಕಿದೆವು ಅನ್ನುತ್ತಾರೆ. ಬೈಗುಳ ಶುರುವಾಗುವುದು ಯುದ್ಧ ಹೇಗೆ ನಡೆಯುತ್ತದೆ ಅನ್ನುವ ಒಂದು ಸಣ್ಣ ವಿಷಯವನ್ನು ಯಾರಾದರೂ ಬಾಯಿಬಿಟ್ಟು ಹೇಳಿದಾಗ. ಹೇಳಿದ್ದು ಹೆಂಗಸಾದರಂತೂ ಕೇಳುವುದೇ ಬೇಡ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಜೇನ್ ಆಡಮ್ಸ್. ಅಮೆರಿಕದವರು. 1860ರಲ್ಲಿ ಹುಟ್ಟಿದವರು. 1889ರಲ್ಲಿ ಗೆಳತಿಯ ಜೊತೆ ಸೇರಿ ಶಿಕಾಗೋದ ಬಡವರ ಬೀದಿಯಲ್ಲಿ ಹಲ್ ಹೌಸ್ ಅಂತ ಒಂದು ಮನೆ ತೆರೆದರು. ಇಟಲಿಯಿಂದ, ಪೋಲೆಂಡಿನಿಂದ, ರಷ್ಯಾದಿಂದ ಬಂದ ಕೂಲಿಗಳ ಮಕ್ಕಳಿಗೆ ಶಿಶುವಿಹಾರ, ದೊಡ್ಡವರಿಗೆ ರಾತ್ರಿ ಶಾಲೆ, ಹೆಂಗಸರಿಗೆ ಸಂಘ ಕಟ್ಟಲು ಜಾಗ. ಬೀದಿಯ ಕಸ ಯಾರೂ ಎತ್ತುತ್ತಿಲ್ಲ ಅಂತ ಜಗಳ ಮಾಡಿ ಮಾಡಿ ಕೊನೆಗೆ 1895ರಲ್ಲಿ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಕೆಲಸವನ್ನು ತಾವೇ ಹಿಡಿದು, ಬೆಳಗಾಗುವ ಮೊದಲೇ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರಂತೆ. (ಬೆಂಗಳೂರಿನವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಬಹುದು.) 1912ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಹೊಸ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವರ ಹೆಸರನ್ನು ವೇದಿಕೆಯ ಮೇಲೆ ಅನುಮೋದಿಸಿದವರಲ್ಲಿ ಈಕೆಯೂ ಒಬ್ಬರು. ಆಗಿನ್ನೂ ಹೆಂಗಸರಿಗೆ ದೇಶದ ತುಂಬ ಮತದಾನದ ಹಕ್ಕೇ ಇರಲಿಲ್ಲ. ಪೇಪರಿನವರು ಹೊಗಳಿದ್ದೇ ಹೊಗಳಿದ್ದು. ಹೆಚ್ಚುಕಡಿಮೆ ದೇವತೆ ಮಾಡಿಟ್ಟಿದ್ದರು.

ಮೂರೇ ವರ್ಷದಲ್ಲಿ ಆ ದೇವತೆ ಪೆದ್ದು ಮುದುಕಿ ಆದರು. ಅಷ್ಟಕ್ಕೂ ಅವರು ಹೇಳಿದ್ದೇನು?

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಅಂತರರಾಷ್ಟ್ರೀಯ ಸಂಘಟನೆಯ ಮುಂದಿನ ಸಮಾವೇಶ 1915ರಲ್ಲಿ ಬರ್ಲಿನ್‌ನಲ್ಲಿ ಆಗಬೇಕಿತ್ತು. ಯುದ್ಧದಲ್ಲಿ ಅದೆಲ್ಲಿ ಸಾಧ್ಯ? ಆಗ ನೆದರ್ಲೆಂಡ್ಸ್‌ನ ಮೊದಲ ಮಹಿಳಾ ವೈದ್ಯೆ ಅಲೆಟ್ಟಾ ಯಾಕೊಬ್ಸ್ ನಮ್ಮ ದೇಶ ಯಾರ ಕಡೆಗೂ ಇಲ್ಲ, ಇಲ್ಲಿಗೇ ಬನ್ನಿ ಅಂತ ಕರೆದರು. 1915ರ ಏಪ್ರಿಲ್ 28ರಿಂದ ಮೇ 1ರವರೆಗೆ ಹೇಗ್ ನಗರದಲ್ಲಿ ಸಭೆ. 12 ದೇಶಗಳಿಂದ 1,100ಕ್ಕೂ ಹೆಚ್ಚು ಪ್ರತಿನಿಧಿಗಳು. ಯುದ್ಧ ಶುರುವಾಗಿ ಒಂದು ವರ್ಷವೂ ಆಗಿಲ್ಲ, ಗಡಿಗಳೆಲ್ಲ ಮುಚ್ಚಿವೆ, ಸಮುದ್ರದಲ್ಲಿ ಮೈನುಗಳು ತೇಲುತ್ತಿವೆ. ಅಂಥದ್ದರಲ್ಲಿ ಇದು.

ಬರುವ ದಾರಿಯಲ್ಲೇ ಎಷ್ಟು ಅಡ್ಡಿ ನೋಡಿ. ಇಂಗ್ಲೆಂಡಿನಿಂದ 180 ಹೆಂಗಸರು ಹೊರಟಿದ್ದರು. ಸರ್ಕಾರ ಹೆಚ್ಚಿನವರಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. ಕೆಲವರಿಗೆ ಕೊಟ್ಟಿತು, ಆದರೆ ಅಷ್ಟರಲ್ಲಿ ಉತ್ತರ ಸಮುದ್ರದ ಹಡಗು ಸಂಚಾರವನ್ನೇ ನಿಲ್ಲಿಸಿಬಿಟ್ಟರು. ಕೊನೆಗೆ ಸಭೆಯಲ್ಲಿ ಕೂತ ಬ್ರಿಟಿಷ್ ಹೆಂಗಸರು ಮೂರೇ ಮೂರು ಮಂದಿ, ಅದೂ ಬೇರೆ ದಾರಿಯಲ್ಲಿ ಮೊದಲೇ ಹೊರಟಿದ್ದವರು. ಜೇನ್ ಆಡಮ್ಸ್ ಮತ್ತು ಸಂಗಡಿಗರಿದ್ದ ನೂರ್ಡಾಮ್ ಹಡಗನ್ನು ಇಂಗ್ಲಿಷ್ ಕಾಲುವೆಯಲ್ಲಿ ದಿನಗಟ್ಟಲೆ ತಡೆದು ನಿಲ್ಲಿಸಿದರು. ಮೂರು ವರ್ಷದ ಹಿಂದೆ ಆಡಮ್ಸ್ ಅನುಮೋದಿಸಿದ್ದ ಅದೇ ರೂಸ್‌ವೆಲ್ಟ್ ಇವರ ಕಾರ್ಯಕ್ರಮ ಬರೀ ಪೆದ್ದುತನ ಅಷ್ಟೇ ಅಲ್ಲ, ಹೀನ ಕೂಡ ಅಂದರು. ಲಂಡನ್ನಿನ ಪೇಪರುಗಳ ತಮಾಷೆ ಬೇರೆ ಥರ. ಜರ್ಮನಿ ಪರ ಇರುವ ಶಾಂತಿ ಹುಡುಗಿಯರು ಅಂತ ಅರ್ಥ ಬರುವ ಅಡ್ಡಹೆಸರು ಇಟ್ಟರು.

ಫ್ರಾನ್ಸಿನ ಮಹಿಳಾ ಸಂಘಟನೆಗಳು ಬರಲೇ ಇಲ್ಲ. ಶತ್ರು ನಮ್ಮ ನೆಲದ ಮೇಲೆ ಕೂತಿರುವಾಗ ಯಾವ ಶಾಂತಿಯ ಮಾತು ಅಂದರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಹೋಗುತ್ತಿದ್ದೆನಾ? ಗೊತ್ತಿಲ್ಲ, ಬಹುಶಃ ಇಲ್ಲ. ಆದರೆ ಹೆಚ್ಚುಕಡಿಮೆ ಪೂರ್ತಿ ಜರ್ಮನರ ಕೈಯಲ್ಲಿದ್ದ ಬೆಲ್ಜಿಯಂನಿಂದ ಐವರು ಬಂದರು. ಜರ್ಮನ್ ಹೆಂಗಸರೂ ಇದ್ದ ಅದೇ ಸಭೆಯಲ್ಲಿ ಬಂದು ಕೂತರು. ಯಾರ ತಪ್ಪಿನಿಂದ ಯುದ್ಧ ಶುರುವಾಯಿತು ಅನ್ನುವ ಚರ್ಚೆ ಸಭೆಯಲ್ಲಿ ಬೇಡ ಅಂತ ಮೊದಲೇ ನಿಯಮ ಮಾಡಿಕೊಂಡಿದ್ದರು. ಇದು ಜಾಣತನವೋ ಪಲಾಯನವೋ ಅಂತ ಇವತ್ತಿಗೂ ವಾದ ಮಾಡಬಹುದು. ನನ್ನ ಪ್ರಕಾರ ಆ ನಿಯಮ ಇಲ್ಲದಿದ್ದರೆ ಮೊದಲ ದಿನ ಮಧ್ಯಾಹ್ನಕ್ಕೇ ಸಭೆ ಮುಗಿದುಹೋಗುತ್ತಿತ್ತು.

ನಿರ್ಣಯ ಮಾಡಿ ಮನೆಗೆ ಹೋಗಲಿಲ್ಲ, ಅದು ಮುಖ್ಯ. ಯಾವ ಪಕ್ಷಕ್ಕೂ ಸೇರದ ದೇಶಗಳು ಒಟ್ಟಿಗೆ ಕೂತು ನಿರಂತರ ಸಂಧಾನ ಮಾಡಬೇಕು ಅನ್ನುವ ಯೋಜನೆ ಹಿಡಿದುಕೊಂಡು ಲಂಡನ್, ಬರ್ಲಿನ್, ವಿಯೆನ್ನಾ, ಬುಡಾಪೆಸ್ಟ್, ರೋಮ್, ಪ್ಯಾರಿಸ್ ಎಲ್ಲ ತಿರುಗಿದರು. ಮಂತ್ರಿಗಳು ಬಾಗಿಲು ತೆರೆದು ಕೂರಿಸಿ ಮಾತನಾಡಿಸಿದರು. ಆಸ್ಟ್ರಿಯಾದ ಪ್ರಧಾನಿ ಸ್ಟ್ಯುರ್ಕ್ ಅವರ ಮುಂದೆ ಆಡಮ್ಸ್, ಹೆಂಗಸರು ಹೀಗೆ ತಿರುಗುವುದು ನಿಮಗೆ ಹುಚ್ಚುತನ ಅನ್ನಿಸಬಹುದು ಅಂದರಂತೆ. ಆತ ಮೇಜು ಗುದ್ದಿ, ಹುಚ್ಚುತನವೇ? ಖಂಡಿತ ಅಲ್ಲ, ಹತ್ತು ತಿಂಗಳಲ್ಲಿ ಈ ಕೋಣೆಯಲ್ಲಿ ಕೇಳಿದ ಮೊದಲ ಬುದ್ಧಿವಂತಿಕೆಯ ಮಾತು ಇದು ಅಂದರಂತೆ. ಮುಚ್ಚಿದ ಬಾಗಿಲ ಒಳಗೆ ಮಂತ್ರಿಗಳು ಹೀಗೆ. ಹೊರಗೆ ಬಂದರೆ ಅದೇ ಮಂತ್ರಿಗಳು ಕೊನೆಯ ಸೈನಿಕನವರೆಗೂ ಹೋರಾಟ ಅನ್ನುತ್ತಿದ್ದರು. ಸಾರ್ವಜನಿಕ ಅಭಿಪ್ರಾಯ ಅಂತ ನಾವು ಕರೆಯುವುದು ಪೂರ್ತಿ ಜನರದ್ದೇ ಅಭಿಪ್ರಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಇಂಥ ಎರಡು ನಾಲಿಗೆಗಳ ನಡುವೆಯೂ ಅದು ತಯಾರಾಗುತ್ತದೆ.

ಈಗ ಆ ರಮ್ಮಿನ ಮಾತಿಗೆ ಬರುತ್ತೇನೆ.

ಜುಲೈ 9, 1915. ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್. ವಾಪಸ್ ಬಂದ ಆಡಮ್ಸ್ ಯುರೋಪಿನಲ್ಲಿ ಕಂಡದ್ದನ್ನು ಹೇಳಿದರು. ದೀರ್ಘ ಭಾಷಣ, ಸಮಾಧಾನದ ಭಾಷಣ. ಕೊನೆಕೊನೆಗೆ ಒಂದು ಮಾತು ಹೇಳಿದರು: ಬಯೋನೆಟ್ ಹಿಡಿದು ಎದುರಿನವನನ್ನು ತಿವಿಯಲು ಕಳಿಸುವ ಮೊದಲು ಸೈನಿಕರಿಗೆ ಕುಡಿಸಬೇಕಾಗುತ್ತದೆ ಅಂತ ಹೋದ ದೇಶಗಳಲ್ಲೆಲ್ಲ ನಮಗೆ ಹೇಳಿದರು, ಇಂಗ್ಲಿಷರು ರಮ್ ಕೊಡುತ್ತಾರೆ, ಫ್ರೆಂಚರು ಆಬ್ಸಿಂತ್ ಅನ್ನುವ ಕಡು ಮದ್ಯ ಕೊಡುತ್ತಾರೆ, ಜರ್ಮನರದ್ದೂ ಏನೋ ಒಂದು ಲೆಕ್ಕ ಇದೆ. ಅಷ್ಟೇ.

ನಾಲ್ಕು ದಿನಕ್ಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಿಚರ್ಡ್ ಹಾರ್ಡಿಂಗ್ ಡೇವಿಸ್ ಪತ್ರ ಬಂತು. ಆಗಿನ ಕಾಲದ ಅತಿ ಪ್ರಸಿದ್ಧ ಯುದ್ಧ ವರದಿಗಾರ. ಅವರ ವಾದದ ಸಾರ ಇದು: ಸತ್ತ ಸೈನಿಕನ ಮಕ್ಕಳಿಗೆ ಈ ಹೆಂಗಸು ಏನು ಹೇಳುತ್ತಿದ್ದಾಳೆ ಗೊತ್ತಾ? ನಿಮ್ಮಪ್ಪ ದೇಶಕ್ಕಾಗಿ ಸಾಯಲಿಲ್ಲ, ಕುಡಿದಿದ್ದಕ್ಕೆ ಸತ್ತ ಅಂತ.

ಮುಗಿಯಿತು. ಆಮೇಲೆ ದೇಶದ ತುಂಬ ಪೇಪರುಗಳಲ್ಲಿ ಅದೇ. ಆಕೆಗೆ ತಲೆ ಕೆಟ್ಟಿದೆ, ಮಾತಿನ ಮಲ್ಲಿ, ಮದುವೆಯಾಗದ ಮುದುಕಿಗೆ ಗಂಡಸರ ಧೈರ್ಯದ ವಿಷಯ ಏನು ಗೊತ್ತು. ಸಂಧಾನದ ಯೋಜನೆ ಏನು, ಮಂತ್ರಿಗಳು ಏನಂದರು ಅಂತ ಯಾರೂ ಕೇಳಲಿಲ್ಲ.

ಆಕೆ ನಿಜವಾಗಿ ಹೇಳಿದ್ದು ಸೈನಿಕರ ಪರವಾದ ಮಾತು. ಇದನ್ನು ಒತ್ತಿ ಹೇಳಬೇಕು. ಈ ಹುಡುಗರಿಗೆ ಇನ್ನೊಬ್ಬ ಹುಡುಗನ ಹೊಟ್ಟೆಗೆ ಬಯೋನೆಟ್ ಇಳಿಸಲು ಮನಸ್ಸು ಬರುವುದಿಲ್ಲ, ಅವರು ಅಷ್ಟು ಒಳ್ಳೆಯವರು, ಅದಕ್ಕೇ ಕುಡಿಸಬೇಕಾಗುತ್ತದೆ ಅನ್ನುವುದು ಆಕೆಯ ವಾದ. ಆ ಅರ್ಥ ಒಂದೇ ಪತ್ರದಲ್ಲಿ ತಿರುವುಮುರುವಾಯಿತು. ಸತ್ತವರ ಮಕ್ಕಳನ್ನು ತಂದು ಆಕೆಯ ಮುಂದೆ ನಿಲ್ಲಿಸಿದ ಮೇಲೆ ಯಾವ ಉತ್ತರ ಕೊಡಲು ಆಗುತ್ತದೆ ಹೇಳಿ. ಡೇವಿಸ್ ಒಬ್ಬ ಒಳ್ಳೆಯ ಬರಹಗಾರ, ಅದೇ ತೊಂದರೆ.

ಮಾತು ಸುಳ್ಳಾಗಿತ್ತಾ? ರಮ್ ವಿಷಯ ಸುಳ್ಳಲ್ಲ. ಬ್ರಿಟಿಷ್ ಸೇನೆ ಕಂದಕಗಳಿಗೆ ರಮ್ ಕಳಿಸುತ್ತಿತ್ತು, ಎಸ್‌ಆರ್‌ಡಿ ಅಂತ ಅಚ್ಚು ಹಾಕಿದ ದೊಡ್ಡ ಜಾಡಿಗಳಲ್ಲಿ, ನಮ್ಮ ಮನೆಯ ಉಪ್ಪಿನಕಾಯಿ ಜಾಡಿ ಇರುತ್ತದಲ್ಲ, ಅಂಥದ್ದರಲ್ಲಿ. ಚಳಿಗೂ ಕೊಡುತ್ತಿದ್ದರು, ದಾಳಿಗೆ ಮೊದಲೂ ಕೊಡುತ್ತಿದ್ದರು. ಅಲ್ಲಿ ಇದ್ದವರಿಗೆಲ್ಲ ಗೊತ್ತಿದ್ದ ವಿಷಯ. ಆಬ್ಸಿಂತ್ ವಿಷಯದಲ್ಲಿ ಮಾತ್ರ ಆಕೆ ಜಾರಿದರು ಅನ್ನಿಸುತ್ತದೆ. ಫ್ರಾನ್ಸ್ ಆ ವರ್ಷ ಮಾರ್ಚ್‌ನಲ್ಲೇ ಅದನ್ನು ನಿಷೇಧಿಸಿತ್ತು. ಸೈನಿಕರಿಗೆ ಕೊಡುತ್ತಿದ್ದುದು ವೈನ್ ಮತ್ತು ಬ್ರಾಂದಿ. ಆದರೆ ಜನ ಸಿಟ್ಟಾಗಿದ್ದು ಆಬ್ಸಿಂತ್ ಅಂದಿದ್ದಕ್ಕೆ ಅಂತ ದಯವಿಟ್ಟು ಹೇಳಬೇಡಿ. ಬ್ರಾಂದಿ ಅಂದಿದ್ದರೂ ಅಷ್ಟೇ ಬೈಯುತ್ತಿದ್ದರು.

ಮಗನನ್ನು ಕಳೆದುಕೊಂಡ ತಾಯಿಗೆ ಈ ಮಾತು ಚುಚ್ಚುತ್ತದೆ, ಒಪ್ಪುತ್ತೇನೆ. ಅವಳಿಗೆ ಉಳಿದಿರುವುದು ಅವನ ಧೈರ್ಯ ಒಂದೇ, ಅದಕ್ಕೂ ಕೈ ಹಾಕಿದರೆ? ಆ ತಾಯಿ ಬೈದರೆ ಬೈಸಿಕೊಳ್ಳಬೇಕು. ಆದರೆ 1915ರ ಜುಲೈನಲ್ಲಿ ಬೈದವರು ಆ ತಾಯಂದಿರಲ್ಲ. ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ! ಬೈದವರು ಸಂಪಾದಕರು, ಕ್ಲಬ್ಬಿನಲ್ಲಿ ಕೂತು ಪೇಪರ್ ಓದುವವರು. ಸಾವಿರಾರು ಮೈಲಿ ದೂರದಲ್ಲಿ ಬೇರೆಯವರ ಮಗನ ಧೈರ್ಯವನ್ನು ಕಾಯುವ ಜನ. ಇವರು ಈಗಲೂ ಇದ್ದಾರೆ ಅಲ್ವಾ.

ಇನ್ನೊಂದು ವಿಷಯ. ಹೆಣ್ಣು ಹುಟ್ಟಿನಿಂದಲೇ ಶಾಂತಿಪ್ರಿಯೆ, ತಾಯಿಯಾದವಳು ಯುದ್ಧ ಬಯಸುವುದಿಲ್ಲ ಅಂತ ಮಹಿಳಾ ದಿನಾಚರಣೆಗಳಲ್ಲಿ ಭಾಷಣ ಮಾಡುತ್ತಾರಲ್ಲ, ಅದು ಸುಮ್ನೆ ಚೆಂದದ ಮಾತು. 1914ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಒಬ್ಬ ನಿವೃತ್ತ ಅಡ್ಮಿರಲ್ 30 ಹೆಂಗಸರನ್ನು ಕಟ್ಟಿಕೊಂಡು, ಸಮವಸ್ತ್ರ ಇಲ್ಲದ ಗಂಡಸರಿಗೆ ಬೀದಿಯಲ್ಲಿ ಬಿಳಿ ಗರಿ ಹಂಚಿಸಿದ. ಬಿಳಿ ಗರಿ ಅಂದರೆ ನೀನು ಹೇಡಿ ಅಂತ. ದೇಶದ ತುಂಬ ಹಬ್ಬಿತು ಅದು. ಹಂಚಿದವರು ಹೆಂಗಸರೇ. ಮತದಾನದ ಹಕ್ಕಿಗಾಗಿ ಜೈಲಿಗೆ ಹೋಗಿ ಉಪವಾಸ ಮಾಡಿದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಯುದ್ಧದ ಪರ ಊರೂರು ಭಾಷಣ ಮಾಡಿದರು, ಮಗಳು ಸಿಲ್ವಿಯಾ ಅದೇ ಯುದ್ಧದ ವಿರುದ್ಧ ನಿಂತರು. ಒಂದೇ ಮನೆ. ಮಿಲಿಸೆಂಟ್ ಫಾಸೆಟ್ ಅಂತ ಇನ್ನೊಬ್ಬ ದೊಡ್ಡ ನಾಯಕಿ, ಜರ್ಮನರು ಜಾಗ ಖಾಲಿ ಮಾಡುವವರೆಗೆ ಶಾಂತಿಯ ಮಾತು ದ್ರೋಹಕ್ಕೆ ಸಮ ಅನ್ನುವ ಮಟ್ಟಕ್ಕೆ ಹೋದರು. ಹೇಗ್‌ಗೆ ಹೋಗುವ ವಿಷಯದಲ್ಲೇ ಅವರ ಸಂಘಟನೆ ಒಡೆಯಿತು.

ನಮ್ಮವರನ್ನೂ ಬಿಡುವುದು ಬೇಡ. ಆ ಯುದ್ಧಕ್ಕೆ ಭಾರತದಿಂದ 13 ಲಕ್ಷದಷ್ಟು ಜನ ಹೋದರು, 74,000 ಮಂದಿ ವಾಪಸ್ ಬರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್‌ನಲ್ಲಿ ಹೈಫಾದಲ್ಲಿ ಕುದುರೆ ಮೇಲೆ ಹೋಗಿ ಗೆದ್ದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸರೋಜಿನಿ ನಾಯ್ಡು ಆ ಸೈನಿಕರ ಬಲಿದಾನವನ್ನು ಹೊಗಳಿ ಕವಿತೆ ಬರೆದರು. 1918ರಲ್ಲಿ ಗಾಂಧೀಜಿ, ಹೌದು ಗಾಂಧೀಜಿಯೇ, ಗುಜರಾತಿನ ಖೇಡಾದ ಹಳ್ಳಿಹಳ್ಳಿ ತಿರುಗಿ ಸೈನ್ಯಕ್ಕೆ ಸೇರಿ ಅಂತ ಕೇಳಿದರು. ಹಳ್ಳಿಯವರು ಅಷ್ಟಾಗಿ ಕಿವಿಗೊಡಲಿಲ್ಲ ಅನ್ನುವುದು ಬೇರೆ ಮಾತು. ಅಂದರೆ ಯುದ್ಧಕಾಲದ ಗಾಳಿ ಅಷ್ಟು ಜೋರು. ಆ ಗಾಳಿಗೆ ಎದುರು ನಿಂತ ಹೆಂಗಸರು ನಿಂತಿದ್ದು ಹೆಣ್ಣಾಗಿ ಹುಟ್ಟಿದ್ದಕ್ಕಲ್ಲ. ಕೂತು ಯೋಚನೆ ಮಾಡಿದರು, ಕೆಲಸ, ಹೆಸರು, ಗೆಳೆತನ ಎಲ್ಲ ಹೋಗುತ್ತದೆ ಅಂತ ಗೊತ್ತಿದ್ದೂ ನಿರ್ಧಾರ ಮಾಡಿದರು. ತಾಯ್ತನದ ಲೆಕ್ಕಕ್ಕೆ ಅದನ್ನು ಹಾಕಿದರೆ ಅವರು ತೆತ್ತ ಬೆಲೆಯನ್ನು ನಾವು ಕದ್ದ ಹಾಗೆ.

ಬೆಲೆ ಅಂದೆ, ಅದನ್ನೂ ಹೇಳುತ್ತೇನೆ. 1917ರ ಏಪ್ರಿಲ್‌ನಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಜೂನ್‌ನಲ್ಲಿ ಶಿಕಾಗೋ ಪಕ್ಕದ ಎವಾನ್‌ಸ್ಟನ್‌ನ ಒಂದು ಚರ್ಚಿನಲ್ಲಿ ಆಡಮ್ಸ್ ಮಾತನಾಡಿದಾಗ ಚಪ್ಪಾಳೆ ಇಲ್ಲ, ಸಭೆ ತಣ್ಣಗೆ ಕೂತಿತ್ತು. ಹಳೆಯ ಸ್ನೇಹಿತರಾಗಿದ್ದ ನ್ಯಾಯಾಧೀಶರೊಬ್ಬರು ಎದ್ದು ನಿಂತು ನಾನು ಇದನ್ನು ಒಪ್ಪುವುದಿಲ್ಲ ಅಂದರು. ಎಮಿಲಿ ಬಾಲ್ಚ್ ಅನ್ನುವ ಅರ್ಥಶಾಸ್ತ್ರದ ಪ್ರಾಧ್ಯಾಪಕಿ ಹೇಗ್‌ಗೆ ಹೋಗಿದ್ದವರು, ಅವರ ಕಾಲೇಜು ಕೆಲಸವನ್ನು ಮುಂದುವರಿಸಲೇ ಇಲ್ಲ. 20 ವರ್ಷಕ್ಕೂ ಮೀರಿ ಪಾಠ ಮಾಡಿದ ಜಾಗ. ಅಮೆರಿಕನ್ ಕ್ರಾಂತಿಯ ಯೋಧರ ವಂಶದ ಹೆಂಗಸರ ಸಂಘ ಒಂದಿದೆ, ಆಡಮ್ಸ್‌ಗೆ ಆಜೀವ ಗೌರವ ಸದಸ್ಯತ್ವ ಕೊಟ್ಟಿತ್ತು, ಅದನ್ನು ಕಿತ್ತುಕೊಂಡಿತು. ಜೀವಮಾನಕ್ಕೆ ಅಂದುಕೊಂಡಿದ್ದೆ, ಒಳ್ಳೆಯ ನಡತೆ ಇರುವವರೆಗೆ ಮಾತ್ರ ಅಂತ ಗೊತ್ತಿರಲಿಲ್ಲ ಅಂತ ಆಕೆ ನಕ್ಕರಂತೆ. ಯುದ್ಧ ಮುಗಿದ ಮೇಲೂ ಬಿಡಲಿಲ್ಲ. 1919ರ ಜನವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಅನುಮಾನಾಸ್ಪದ ವ್ಯಕ್ತಿಗಳು ಅಂತ 62 ಹೆಸರಿನ ಪಟ್ಟಿ ಬಂತು, ಅದರಲ್ಲಿ ಆಕೆಯ ಹೆಸರಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಇವರೆಲ್ಲ ಜ್ಯೂರಿಕ್‌ನಲ್ಲಿ ಮತ್ತೆ ಸೇರಿದರು. ಸೋತ ಜರ್ಮನಿಯ ಮೇಲೆ ಹೇರಿದ ವರ್ಸೈ ಒಪ್ಪಂದದ ಷರತ್ತುಗಳು ಆಗ ತಾನೇ ಹೊರಬಿದ್ದಿದ್ದವು. ಇದು ದ್ವೇಷವನ್ನು ಉಳಿಸುತ್ತದೆ, ಮುಂದಿನ ಯುದ್ಧಕ್ಕೆ ದಾರಿ ಮಾಡುತ್ತದೆ ಅಂತ ನಿರ್ಣಯ ಬರೆದರು. ಎಷ್ಟು ಸರಿಯಾಗಿತ್ತು ಅಂತ 20 ವರ್ಷದಲ್ಲಿ ಗೊತ್ತಾಯಿತು. 1931ರಲ್ಲಿ ಆಡಮ್ಸ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ, 1946ರಲ್ಲಿ ಬಾಲ್ಚ್‌ಗೆ. ಆಗ ಎಲ್ಲರೂ ಹೊಗಳಿದರು. ಯುದ್ಧ ಮುಗಿದ ಮೇಲೆ ಹೊಗಳುವುದಕ್ಕೆ ಏನೂ ಖರ್ಚಿಲ್ಲ.

ನೂರು ವರ್ಷದ ಹಿಂದಿನ ಅಮೆರಿಕದ ಕಥೆ ನಮಗ್ಯಾಕೆ ಅನ್ನುವವರಿಗೆ, 2025ರ ಏಪ್ರಿಲ್ 22 ನೆನಪಿದೆ ತಾನೆ? ಪಹಲ್ಗಾಮ್. ಸತ್ತ 26 ಮಂದಿಯಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ಮದುವೆಯಾಗಿ ವಾರವೂ ಆಗದ ಒಬ್ಬ ಹುಡುಗಿ ಗಂಡನ ದೇಹದ ಪಕ್ಕ ಕೂತಿದ್ದ ಚಿತ್ರ ನಮ್ಮೆಲ್ಲರ ಫೋನಿನಲ್ಲಿ ಓಡಾಡಿತು. ಡಿಪಿ ಮಾಡಿಕೊಂಡವರಿದ್ದಾರೆ, ಕವಿತೆ ಬರೆದವರಿದ್ದಾರೆ, ನಮ್ಮ ಮಗಳು ಅಂದವರಿದ್ದಾರೆ. ಕೆಲವು ದಿನ ಕಳೆದ ಮೇಲೆ ಆ ಹುಡುಗಿ ಬಾಯಿಬಿಟ್ಟು, ನಮಗೆ ನ್ಯಾಯ ಬೇಕು, ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಆದರೆ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹೋಗಬೇಡಿ, ನಮಗೆ ಶಾಂತಿ ಬೇಕು ಅಂದಳು. ಆವತ್ತು ಸಂಜೆಯಿಂದಲೇ ಅದೇ ಫೋನುಗಳಲ್ಲಿ ಅವಳ ಚಾರಿತ್ರ್ಯ, ಅವಳು ಓದಿದ ಕಾಲೇಜು, ಅವಳ ಸ್ನೇಹಿತರ ಹೆಸರು. ರಾಷ್ಟ್ರೀಯ ಮಹಿಳಾ ಆಯೋಗವೇ ಇದು ತಪ್ಪು ಅಂತ ಹೇಳಿಕೆ ಕೊಡಬೇಕಾಯಿತು. ಅದಾಗಿ ಕೆಲವೇ ದಿನಕ್ಕೆ, ಮೇ 7ರಂದು, ಅಂಥ ಹುಡುಗಿಯರ ಸಿಂಧೂರದ ಹೆಸರಿಟ್ಟೇ ಸೇನಾ ಕಾರ್ಯಾಚರಣೆ ಶುರುವಾಯಿತು. ಕಾರ್ಯಾಚರಣೆ ಬೇಕಿತ್ತಾ ಬೇಡವಾಗಿತ್ತಾ ಅನ್ನುವ ಚರ್ಚೆ ಇಲ್ಲಿ ಮಾಡುತ್ತಿಲ್ಲ. ಅವಳೂ ಅದು ಬೇಡ ಅಂದಿರಲಿಲ್ಲ. ಚಿತ್ರವಾಗಿ ಇದ್ದಷ್ಟು ದಿನ ಅವಳು ಎಲ್ಲರಿಗೂ ಬೇಕಾಗಿದ್ದಳು, ಮಾತನಾಡಿದ ದಿನ ಬೇಡವಾದಳು, ನಾನು ಹೇಳುತ್ತಿರುವುದು ಅಷ್ಟೇ. ಆಡಮ್ಸ್ ಅವರ ಹಾಗೆ ಅವಳದ್ದೂ ಒಂದು ನಿರ್ದಿಷ್ಟ ಮಾತು. ಬರೀ ಶಾಂತಿ ಅಂದು ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಯಾರನ್ನು ಹೊಡೆಯಬೇಡಿ ಅಂತ ಹೆಸರು ಹೇಳಿದ್ದೇ ತಪ್ಪಾಯಿತು.

ಅದೇ ವಾರ, ಮೇ 8ರ ರಾತ್ರಿ, ಕರಾಚಿ ಬಂದರು ಧ್ವಂಸ ಅಂತ ನಮ್ಮ ಟಿವಿ ಚಾನೆಲ್‌ಗಳು ಕಿರುಚಿದ್ದು ಸುಳ್ಳಾಗಿತ್ತು. ಅದಕ್ಕೆ ಯಾರನ್ನಾದರೂ ನಾವು ಟ್ರೋಲ್ ಮಾಡಿದೆವಾ? ಆ ಆಂಕರುಗಳ ಕಾಲೇಜು ಹುಡುಕಿದೆವಾ?

ಹಾಗಂತ ಯುದ್ಧ ಬೇಡ ಅಂದವರೆಲ್ಲ ಯಾವಾಗಲೂ ಸರಿ ಅಂತ ನಾನು ಹೇಳುವುದಿಲ್ಲ. ಜಾನೆಟ್ ರ‍್ಯಾಂಕಿನ್ ಅವರ ವಿಷಯ ನೋಡಿ. ಮೊಂಟಾನಾ ರಾಜ್ಯದವರು, ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ಹೆಂಗಸು. 1917ರ ಏಪ್ರಿಲ್ 2ರಂದು ಸದನಕ್ಕೆ ಕಾಲಿಟ್ಟರು, ಅದೇ ದಿನ ಸಂಜೆ ಅಧ್ಯಕ್ಷ ವಿಲ್ಸನ್ ಬಂದು ಯುದ್ಧ ಘೋಷಣೆ ಕೇಳಿದರು! 6ನೇ ತಾರೀಕು ಮತ. ದೇಶದ ಜೊತೆ ನಿಲ್ಲಬೇಕು ಅಂತ ನನಗೂ ಇದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಅಂದರು. ಒಟ್ಟು 50 ಮಂದಿ ಬೇಡ ಅಂದಿದ್ದರು, 49 ಗಂಡಸರು. ಪೇಪರಿನಲ್ಲಿ ಬಂದಿದ್ದು ಮಾತ್ರ ಆಕೆ ಅತ್ತಳು ಅಂತ. ಅತ್ತರಾ ಅಂತ ಲಾಗಾರ್ಡಿಯಾ ಅನ್ನುವ ಸದಸ್ಯರನ್ನು ಕೇಳಿದಾಗ, ನನ್ನ ಕಣ್ಣಲ್ಲೇ ನೀರಿತ್ತು, ನನಗೆ ಕಾಣಿಸಲಿಲ್ಲ ಅಂದರಂತೆ. ಮತದಾನದ ಹಕ್ಕಿನ ಹೋರಾಟದ ನಾಯಕಿಯರೇ ಇದರಿಂದ ನಮ್ಮ ಕೆಲಸಕ್ಕೆ ಪೆಟ್ಟು ಅಂತ ದೂರ ಸರಿದರು. 1918ರಲ್ಲಿ ಸೆನೆಟ್‌ಗೆ ನಿಂತು ಸೋತರು.

ಅದೇ ರ‍್ಯಾಂಕಿನ್ 1940ರಲ್ಲಿ ಮತ್ತೆ ಗೆದ್ದರು. ಮುಂದಿನ ವರ್ಷ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿತು. ಡಿಸೆಂಬರ್ 8ರಂದು ಸದನದಲ್ಲಿ ಮತ, 388 ಪರ, ವಿರುದ್ಧ ಒಂದೇ ಒಂದು. ಈ ಮತದಲ್ಲಿ ನಾನು ಆಕೆಯ ಜೊತೆ ಇಲ್ಲ. 1917ರಲ್ಲಿ ನಾನಿದ್ದಿದ್ದರೆ ಬೇಡ ಅನ್ನುತ್ತಿದ್ದೆ, 1941ರಲ್ಲಿ ಬೇಕು ಅನ್ನುತ್ತಿದ್ದೆ. ಒಂದು ಕಡೆ ಹಿಟ್ಲರ್, ಇನ್ನೊಂದು ಕಡೆ ಚೀನಾದ ನಾನ್‌ಜಿಂಗ್‌ನಲ್ಲಿ ಅಷ್ಟು ಜನರನ್ನು ಕೊಂದ ಜಪಾನ್ ಸೇನೆ ಇರುವಾಗ ಅಹಿಂಸೆಯಿಂದ ಏನು ಮಾಡಬಹುದಿತ್ತು ಅಂತ ನನಗೆ ಯಾರೂ ಸಮಾಧಾನವಾಗುವ ಹಾಗೆ ಹೇಳಿಲ್ಲ. ರ‍್ಯಾಂಕಿನ್ ಆಮೇಲೆ ಗಾಂಧೀಜಿಯ ದಾರಿ ತಿಳಿಯಲು ಭಾರತಕ್ಕೆ ಹಲವು ಸಲ ಬಂದು ಹೋದರು, 1968ರಲ್ಲಿ 87ನೇ ವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ವಾಷಿಂಗ್ಟನ್‌ನಲ್ಲಿ ಸಾವಿರಾರು ಹೆಂಗಸರ ಮುಂದೆ ನಡೆದರು. ಅದಕ್ಕೆಲ್ಲ ಕೈ ಮುಗಿಯುತ್ತೇನೆ. 1941ರ ಮತವನ್ನು ಮಾತ್ರ ಒಪ್ಪಲಾರೆ.

ಆದರೆ ಆವತ್ತು ಸದನದಲ್ಲಿ ನಡೆದದ್ದು ಬರೀ ಮತ ಅಲ್ಲ. ಆಕೆ ಮಾತನಾಡಬೇಕು ಅಂತ ಎದ್ದು ನಿಂತರು. ಸ್ಪೀಕರ್ ಸ್ಯಾಮ್ ರೇಬರ್ನ್ ಅವಕಾಶ ಕೊಡಲಿಲ್ಲ. ಮತ್ತೆ ಎದ್ದರು, ಮತ್ತೆ ಇಲ್ಲ. ಕೂತ್ಕೋ ಅಂತ ಕೂಗಿದರು. ಬೇಡ ಅಂದಾಗ ಹಿಸ್ ಅಂತ ಸದ್ದು ಮಾಡಿದರು. ಹೊರಗೆ ಬಂದರೆ ಜನ ಮುತ್ತಿಕೊಂಡು, ಆಕೆ ಒಂದು ಟೆಲಿಫೋನ್ ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಪೊಲೀಸರನ್ನು ಕರೆಸಿಕೊಳ್ಳಬೇಕಾಯಿತು. 388 ಮತ ಗ್ಯಾರಂಟಿ ಇತ್ತು, ಒಬ್ಬ ಹೆಂಗಸು ಐದು ನಿಮಿಷ ಮಾತನಾಡಿದ್ದರೆ ಒಂದು ಹಡಗೂ ತಡವಾಗಿ ಹೊರಡುತ್ತಿರಲಿಲ್ಲ, ಒಂದು ವಿಮಾನವೂ ನಿಲ್ಲುತ್ತಿರಲಿಲ್ಲ. ನಾನು ಆ 388ರ ಜೊತೆಗೇ ಕೈ ಎತ್ತುತ್ತಿದ್ದೆ. ಎತ್ತುವ ಮೊದಲು ಸ್ಪೀಕರ್‌ಗೆ, ಸ್ವಾಮಿ, ಆ ತಾಯಿಗೆ ಮೊದಲು ಮಾತನಾಡಲು ಬಿಡಿ ಅನ್ನುತ್ತಿದ್ದೆ.